ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆತನದ ಹುಡುಕಾಟ ಪಹಣಿಯಿಂದ ಶುರುವಾಗಲಿ

ಮನೆತನದ ಹಿಂದಿನ ತಲೆಮಾರುಗಳನ್ನು ಖರ್ಚಿಲ್ಲದೆ, ಅಂತರ್ಜಾಲದ ಮೂಲಕ ಪತ್ತೆ ಮಾಡುವುದು ಹೇಗೆಂದು ಕೇಳಿ ಬರುವ ಪತ್ರಗಳು ಈಚೆಗೆ ಹೆಚ್ಚಾಗಿವೆ. ಶಿವಮೊಗ್ಗ ಜಿಲ್ಲೆಯ ಓದುಗರ ಕೆಲವು ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಮೂಲಮನೆ ಹೊಸನಗರ ತಾಲ್ಲೂಕಿನಲ್ಲಿದೆ. ಮುತ್ತಜ್ಜನ ಹೆಸರಿನವರೆಗೆ ಗೊತ್ತು, ಅದರ ಹಿಂದಿನದು ಗೊತ್ತಿಲ್ಲ. ಮೊಮ್ಮಗಳ ಮಾತಿನಂತೆ ವಿದೇಶಿ ಜಾಲತಾಣಗಳಲ್ಲಿ ಹೆಸರು ಹಾಕಿ ಹುಡುಕಿದರೆ ಒಂದೋ ಏನೂ ಸಿಗುವುದಿಲ್ಲ, ಇಲ್ಲವೇ ಮುಂದೆ ನೋಡಲು ಡಾಲರಿನಲ್ಲಿ ಹಣ ಕೇಳುತ್ತಾರೆ. ನಮ್ಮಂಥವರಿಗೆ ಉಪಯೋಗವಾಗುವ ಉಚಿತ ದಾರಿ ಇದೆಯೇ? (ತೀರ್ಥಹಳ್ಳಿ)

ಉತ್ತರ: ಇದೆ. ಆದರೆ ಅದು ಆ ಜಾಲತಾಣಗಳು ತೋರಿಸುವ ದಾರಿಯಲ್ಲ. ಬ್ರಿಟನ್, ಅಮೆರಿಕದಂಥ ದೇಶಗಳಲ್ಲಿ ಜನಗಣತಿಯ ಮನೆವಾರು ಹಾಳೆಗಳನ್ನು ನಿಗದಿತ ಕಾಲದ ನಂತರ ಸಾರ್ವಜನಿಕರಿಗೆ ಬಿಡುಗಡೆ ಮಾಡುತ್ತಾರೆ. ಅಮೆರಿಕದಲ್ಲಿ ಈ ಅವಧಿ 72 ವರ್ಷ, ಹಾಗಾಗಿ 1950ರ ಗಣತಿಯ ಹಾಳೆಗಳು 2022ರಲ್ಲಿ ಹೊರಬಂದವು. ಅಲ್ಲಿಯವರು ಹೆಸರು ಬೆರಳಚ್ಚಿಸಿದ ಕೂಡಲೇ ಅಜ್ಜ, ಅಜ್ಜಿ, ಮಕ್ಕಳೆಲ್ಲ ಒಂದೇ ಹಾಳೆಯಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೇ ಕಲಂ ವ್ಯಕ್ತಿವಾರು ಮಾಹಿತಿಯನ್ನು ಗೌಪ್ಯವಾಗಿ ಇರಿಸಿದೆ, ಸಿಗುವುದು ಒಟ್ಟು ಅಂಕಿಅಂಶಗಳ ಕೋಷ್ಟಕಗಳು ಮಾತ್ರ. ಜೊತೆಗೆ ನಮ್ಮ ಮಲೆನಾಡಿನ ಹೆಸರುಗಳಲ್ಲಿ ಸ್ಥಿರವಾದ ಮನೆತನದ ಹೆಸರು ಇರುವುದು ಕಡಿಮೆ. ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ, ಆಮೇಲೆ ಅಜ್ಜನಿಂದ ಮೊಮ್ಮಗನಿಗೆ ಬಂದ ಅದೇ ಹೆಸರು, ಇಷ್ಟೇ. ಇಂಥ ಹೆಸರನ್ನು ಜಗತ್ತಿನ ದತ್ತಾಂಶದಲ್ಲಿ ಹುಡುಕುವುದು ವ್ಯರ್ಥ ಶ್ರಮ. ನಮ್ಮವರನ್ನು ಹೆಸರಿನಿಂದ ಹುಡುಕುವ ಬದಲು ಜಮೀನಿನಿಂದ ಹುಡುಕಬೇಕು, ಅಂದರೆ ಗ್ರಾಮ ಮತ್ತು ಸರ್ವೆ ನಂಬರಿನಿಂದ.

ಕರ್ನಾಟಕದ ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನು ಆಯ್ದುಕೊಂಡರೆ ಪಹಣಿ ಪರದೆಯ ಮೇಲೆ ಬರುತ್ತದೆ. ನೋಡುವುದಕ್ಕೆ ಶುಲ್ಕವಿಲ್ಲ, ದೃಢೀಕೃತ ಪ್ರತಿ ಬೇಕಾದರೆ ಮಾತ್ರ ಶುಲ್ಕ. ಮೂಲಮನೆಯ ಸರ್ವೆ ನಂಬರು ಗೊತ್ತಿಲ್ಲದಿದ್ದರೆ ಅದೇ ಇಲಾಖೆಯ ದಿಶಾಂಕ್ ಆ್ಯಪ್ ಅನ್ನು ಮೊಬೈಲಿಗೆ ಹಾಕಿಕೊಂಡು ಮನೆಯಂಗಳದಲ್ಲಿ ನಿಂತರೆ, ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಗ್ರಾಮ ನಕ್ಷೆಯನ್ನೂ ಇಲಾಖೆಯ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು.

ಪಹಣಿ ತೆರೆದಾಗ ಹೆಚ್ಚಿನವರು 9ನೇ ಕಾಲಂನಲ್ಲಿರುವ ಖಾತೆದಾರರ ಹೆಸರನ್ನು ನೋಡಿ ಮುಚ್ಚಿಬಿಡುತ್ತಾರೆ. ವಂಶದ ಜಾಡು ಇರುವುದು 10ನೇ ಕಾಲಂನಲ್ಲಿ, ಅಂದರೆ ಆ ಜಮೀನು ಖಾತೆದಾರರಿಗೆ ಯಾವ ರೀತಿಯಲ್ಲಿ ಬಂತೆಂದು ಹೇಳುವ ಸಾಲಿನಲ್ಲಿ. ಅಲ್ಲಿ 'ಪೌತಿ' ಎಂದಿದ್ದು, ಪಕ್ಕದಲ್ಲಿ ಎಂ.ಆರ್. ಎಂದು ಒಂದು ಸಂಖ್ಯೆ ಇದ್ದರೆ, ನಿಮಗೆ ಬೇಕಾದ ಕೊಂಡಿ ಸಿಕ್ಕಿತು ಎನ್ನಬಹುದು. ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವಾಗ ಬರೆಯುವ ಹಕ್ಕು ಬದಲಾವಣೆಯ ನಮೂದು ಅದು. ಮೃತರ ಹೆಸರು, ಅವರ ತಂದೆಯ ಹೆಸರು, ಹೆಂಡತಿ, ಗಂಡುಮಕ್ಕಳು, ಕೆಲವೊಮ್ಮೆ ತೀರಿಹೋದ ಮಗನ ಬದಲಿಗೆ ಅವನ ಮಕ್ಕಳು, ಹೀಗೆ ಒಂದೇ ನಮೂದಿನಲ್ಲಿ ಮೂರು ತಲೆಮಾರು ಸಿಗುವುದುಂಟು. ಗಣಕೀಕರಣದ ನಂತರದ ನಮೂದುಗಳು ಭೂಮಿ ತಾಣದಲ್ಲೇ ಇವೆ. ಅದಕ್ಕೂ ಹಿಂದಿನ ಕೈಬರಹದ ಪಹಣಿಗಳು ಮತ್ತು ಎಂ.ಆರ್. ಪುಸ್ತಕಗಳು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿರುತ್ತವೆ. ಭೂ ಸುರಕ್ಷಾ ಯೋಜನೆಯಡಿ ಆ ಕೊಠಡಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ರಾಜ್ಯದಲ್ಲಿ ನಡೆದಿದೆ, ಆದ್ದರಿಂದ ತಾಲ್ಲೂಕು ಕಚೇರಿಗೆ ಅರ್ಜಿ ಬರೆಯುವ ಮುನ್ನ ನಿಮಗೆ ಬೇಕಾದ ವರ್ಷದ ಪುಸ್ತಕ ಸ್ಕ್ಯಾನ್ ಆಗಿದೆಯೇ ಎಂದು ವಿಚಾರಿಸಿಕೊಳ್ಳಿ.

ಜಮೀನಿನ ಜಾಡಿಗೆ ಜೊತೆಯಾಗುವುದು ಮತದಾರರ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಮತಗಟ್ಟೆವಾರು ಪಟ್ಟಿಗಳನ್ನು ಉಚಿತವಾಗಿ ನೋಡಬಹುದು. ಈಗಿನ ಪಟ್ಟಿಗಿಂತ 2002ರ ಪರಿಷ್ಕರಣೆಯ ಪಟ್ಟಿ ನಿಮಗೆ ಹೆಚ್ಚು ಉಪಯುಕ್ತ. ಅದರಲ್ಲಿ 80 ವರ್ಷ ಎಂದು ನಮೂದಾದವರು ಸುಮಾರು 1922ರಲ್ಲಿ ಹುಟ್ಟಿದವರು, ಅವರ ಮುಂದೆ ಬರೆದಿರುವ ತಂದೆಯ ಹೆಸರು ನಿಮ್ಮನ್ನು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಒಯ್ಯುತ್ತದೆ. ಮನೆ ಸಂಖ್ಯೆಯ ಅನುಕ್ರಮದಲ್ಲಿ ಪಟ್ಟಿಯನ್ನು ಓದಿದರೆ, ಪಾಲಾಗಿ ಬೇರೆ ಒಲೆ ಹೂಡಿದ ದಾಯಾದಿಗಳ ಮನೆಗಳು ಅಕ್ಕಪಕ್ಕದಲ್ಲಿ ಸಿಗುತ್ತವೆ. ವಯಸ್ಸನ್ನು ಮಾತ್ರ ನಂಬಿ ಕೂರಬೇಡಿ. ಹಳ್ಳಿಗಳಲ್ಲಿ ಅದು ಬಹುಮಟ್ಟಿಗೆ ಅಂದಾಜಿನದು.

ಅಜ್ಜ ಮೊಮ್ಮಗನಿಗೆ ಒಂದೇ ಹೆಸರಿರುವಾಗ ಯಾರು ಯಾರೆಂದು ಬಿಡಿಸುವುದಕ್ಕೆ ಹಳೆಯ ಜಾತಕಗಳು ಬೇಕಾಗುತ್ತವೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿರುವ ಜಾತಕದಲ್ಲಿ 'ಬಹುಧಾನ್ಯ ಸಂವತ್ಸರದ ಆಷಾಢ ಶುದ್ಧ ದಶಮಿ' ಎಂದಷ್ಟೇ ಇದ್ದರೆ, ಅದು 1938-39 ಆಗಿರಬಹುದು, 1878-79 ಕೂಡ ಆಗಿರಬಹುದು, ಏಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಜಾತಕದಲ್ಲಿ ಶಾಲಿವಾಹನ ಶಕ ವರ್ಷವೂ ಇದ್ದರೆ ಅದಕ್ಕೆ 78 ಕೂಡಿಸಿ, ಗೊಂದಲ ತೀರುತ್ತದೆ. ಶಕ ಇಲ್ಲದಿದ್ದರೆ ವಾರ ಮತ್ತು ನಕ್ಷತ್ರವನ್ನು ದೃಕ್ ಪಂಚಾಂಗದಂಥ ಉಚಿತ ತಾಣದಲ್ಲಿ ಎರಡೂ ವರ್ಷಗಳಿಗೆ ತಾಳೆ ನೋಡಿ. ಎರಡೂ ಕಡೆ ಹೊಂದುವುದು ಅಪರೂಪ.

ಇನ್ನು ನೀವು ಕೇಳಿದ ವಿದೇಶಿ ತಾಣಗಳ ವಿಷಯ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಒಂದು ಕ್ರೈಸ್ತ ಪಂಥ ನಡೆಸುವ ಫ್ಯಾಮಿಲಿಸರ್ಚ್ ಸಂಪೂರ್ಣ ಉಚಿತ, ಖಾತೆ ತೆರೆದರೆ ಸಾಕು. 1894ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಮುಂದುವರಿಕೆ ಅದು. ಅದರಲ್ಲಿ ಭಾರತದ ಮಟ್ಟಿಗೆ ಹೆಸರಾದದ್ದು ಹರಿದ್ವಾರ ಮೊದಲಾದ ಕ್ಷೇತ್ರಗಳಲ್ಲಿ ಯಾತ್ರಿಕರ ವಂಶಾವಳಿ ಬರೆದಿಡುವ ಪುರೋಹಿತರಾದ ಪಂಡಾಗಳ ವಹಿಗಳ ಚಿತ್ರಗಳು. ಅವು ಹೆಚ್ಚಾಗಿ ಉತ್ತರ ಭಾರತದ ಕುಟುಂಬಗಳವು, ಆದ್ದರಿಂದ ನಿಮ್ಮ ಹಿರಿಯರು ಕಾಶಿಯಾತ್ರೆ ಮಾಡಿದ್ದರೆಂಬ ನೆನಪಿದ್ದರೂ ಅಲ್ಲಿ ಹೆಚ್ಚಿನದನ್ನು ನಿರೀಕ್ಷಿಸುವಂತಿಲ್ಲ. ನಿಮ್ಮ ಮೊಮ್ಮಗಳಿಗೆ ಆ ತಾಣ ಹುಡುಕುವುದಕ್ಕಿಂತ ಬರೆದಿಡುವುದಕ್ಕೆ ಹೆಚ್ಚು ಉಪಯೋಗವಾದೀತು. ಬರೆದಿಡುವ ಮಾತು ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

ಪ್ರಶ್ನೆ: ನಮ್ಮ ತಂದೆಯವರ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಈಗ ಆ ಗ್ರಾಮದ ಹೆಸರು ಭೂಮಿ ತಾಣದ ಪಟ್ಟಿಯಲ್ಲಿ ನಮಗೆ ಸಿಗುತ್ತಿಲ್ಲ. ಊರೇ ಇಲ್ಲವೆಂದ ಮೇಲೆ ಹುಡುಕುವುದು ಎಲ್ಲಿಂದ? (ಸಾಗರ)

ಉತ್ತರ: ಎರಡು ತುದಿಗಳಿಂದ ಹುಡುಕಬೇಕು. ಮೊದಲನೆಯದು, ಮುಳುಗುವ ಮೊದಲು ಊರು ಎಲ್ಲಿತ್ತು, ಸರ್ಕಾರದ ಲೆಕ್ಕದಲ್ಲಿ ಅದರ ಹೆಸರು ಹೇಗೆ ಬರೆಯಲ್ಪಟ್ಟಿತ್ತು ಎಂಬುದು. ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಆದ್ದರಿಂದ 1951 ಮತ್ತು 1961ರ ಜನಗಣತಿಯ ಜಿಲ್ಲಾ ಕೈಪಿಡಿಗಳಲ್ಲಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಗ್ರಾಮವಾರು ಪಟ್ಟಿಯನ್ನು ನೋಡಿ. ಜನಗಣತಿ ಇಲಾಖೆಯ ಜಾಲತಾಣದ ಗ್ರಂಥಾಲಯ ವಿಭಾಗದಲ್ಲಿ ಹಳೆಯ ಪ್ರಕಟಣೆಗಳನ್ನು ಉಚಿತವಾಗಿ ಇಟ್ಟಿದ್ದಾರೆ. ಆ ಪಟ್ಟಿಯಲ್ಲಿ ಹೆಸರುಗಳಿಲ್ಲ, ಆದರೆ ಗ್ರಾಮದ ಅಧಿಕೃತ ಹೆಸರು ಮತ್ತು ಜನಸಂಖ್ಯೆ ಇರುತ್ತವೆ. ನಾವು ಬಾಯಲ್ಲಿ ಕರೆಯುವ ಕೇರಿಯ ಹೆಸರಿಗೂ ಕಂದಾಯ ಗ್ರಾಮದ ಹೆಸರಿಗೂ ವ್ಯತ್ಯಾಸವಿರುವುದು ಮಲೆನಾಡಿನಲ್ಲಿ ಸಾಮಾನ್ಯ. ನಾಲ್ಕಾರು ಒಂಟಿಮನೆಗಳೆಲ್ಲ ಸೇರಿ ಒಂದು ಕಂದಾಯ ಗ್ರಾಮವಾಗಿರುತ್ತದೆ.

ನಕ್ಷೆ ಬೇಕಾದರೆ ಅಮೆರಿಕದ ಸೇನೆ 1950ರ ದಶಕದಿಂದ ತಯಾರಿಸಿದ ಭಾರತದ 1:2,50,000 ಅಳತೆಯ ನಕ್ಷೆಗಳ ಸರಣಿಯನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅಂತರ್ಜಾಲದಲ್ಲಿ ಮುಕ್ತವಾಗಿ ಇಟ್ಟಿದೆ. ಹಾಳೆಯ ಅಂಚಿನಲ್ಲಿ ಯಾವ ವರ್ಷದ ಸರ್ವೆಯನ್ನು ಆಧರಿಸಿದ್ದೆಂದು ಮುದ್ರಿಸಿರುತ್ತಾರೆ, ಅದನ್ನು ಮೊದಲು ನೋಡಿಕೊಳ್ಳಿ. ಉಪಗ್ರಹ ಚಿತ್ರಗಳನ್ನು ತಿರುವಿಹಾಕಿ ಸಮಯ ಕಳೆಯಬೇಡಿ. ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ, ಅಷ್ಟರಲ್ಲಿ ನಿಮ್ಮ ಊರು ನೀರಿನಡಿ ಇತ್ತು.

ಎರಡನೆಯ ತುದಿ, ಕುಟುಂಬ ಬಂದು ನೆಲೆಸಿದ ಜಾಗ. ಪುನರ್ವಸತಿಯಲ್ಲಿ ಕೊಟ್ಟ ಜಮೀನಿನ ಮಂಜೂರಾತಿ ಆದೇಶದಲ್ಲಿ ಮುಳುಗಡೆಯಾದ ಗ್ರಾಮದ ಹೆಸರು, ಅಲ್ಲಿನ ಸರ್ವೆ ನಂಬರು, ಪರಿಹಾರ ಪಡೆದ ಕುಟುಂಬದ ಯಜಮಾನನ ಹೆಸರು ದಾಖಲಾಗಿರುವ ಸಾಧ್ಯತೆ ಹೆಚ್ಚು. ಇದು ಅಂತರ್ಜಾಲದಲ್ಲಿ ಸಿಗುವಂಥದ್ದಲ್ಲ. ನಿಮ್ಮ ತಂದೆಯ ಕಾಲದ ಕಾಗದದ ಕಟ್ಟಿನಲ್ಲಿ ಮೊದಲು ಹುಡುಕಿ, ಇಲ್ಲದಿದ್ದರೆ ತಾಲ್ಲೂಕು ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಮುಳುಗಡೆಯವರ ಜಮೀನಿನ ಹಕ್ಕಿನ ತಕರಾರುಗಳು ಇಂದಿಗೂ ಪೂರ್ತಿ ಬಗೆಹರಿದಿಲ್ಲವಾದ್ದರಿಂದ ಈ ಕಡತಗಳು ಧೂಳು ತಿನ್ನುತ್ತ ಬಿದ್ದಿರುವುದಿಲ್ಲ, ಯಾರದಾದರೂ ಮೇಜಿನ ಮೇಲೇ ಇರುತ್ತವೆ. ಇದು ಅವರಿಗೆ ಸಂಕಟ, ನಿಮ್ಮ ಹುಡುಕಾಟಕ್ಕೆ ಮಾತ್ರ ಅನುಕೂಲ.

ಪ್ರಶ್ನೆ: ಪಹಣಿ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ನಮ್ಮದು ಗೇಣಿದಾರರ ಮನೆತನ. 1974ಕ್ಕಿಂತ ಮೊದಲು ನಮ್ಮ ಹೆಸರಿನಲ್ಲಿ ಒಂದು ಗುಂಟೆಯೂ ಇರಲಿಲ್ಲ. ನಮಗೆ ವಂಶವೃಕ್ಷವೇ ಇಲ್ಲವೇ? (ಸೊರಬ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿರುವ ಸಿಟ್ಟು ನ್ಯಾಯವಾದದ್ದು. ಒಡೆಯರ ಮನೆಗಳ ಇತಿಹಾಸಕ್ಕೆ ಕಾಗದವಿದೆ, ಉತ್ತವರ ಇತಿಹಾಸಕ್ಕೆ ಕಡಿಮೆ. ಆದರೂ ನಿಮ್ಮ ಜಿಲ್ಲೆಯಲ್ಲಿ ಪರಿಸ್ಥಿತಿ ನೀವು ಅಂದುಕೊಂಡಷ್ಟು ಬರಿದಾಗಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ನಡೆಸಿದ ನಾಡು ಇದು. ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ, ಉಳುವ ಪ್ರತಿಯೊಬ್ಬ ಗೇಣಿದಾರನೂ ಫಾರಂ 7ರಲ್ಲಿ ಅರ್ಜಿ ಕೊಡಬೇಕಾಯಿತು, ಅದಕ್ಕೆ ಕೊನೆಯ ಗಡುವು 1979ರ ಜೂನ್ 30. ಭೂನ್ಯಾಯ ಮಂಡಳಿ ಆ ಅರ್ಜಿಯನ್ನು ವಿಚಾರಿಸಿ ಆದೇಶ ಬರೆಯಿತು, ಹಕ್ಕು ಮಂಜೂರಾದವರಿಗೆ ಫಾರಂ 10 ಬಂತು. ನಿಮಗೆ ಬೇಕಾದದ್ದು ಫಾರಂ 10 ಅಲ್ಲ, ಮಂಡಳಿಯ ಮುಂದೆ ಕೊಟ್ಟ ಹೇಳಿಕೆ. ತಾನು ಎಷ್ಟು ವರ್ಷದಿಂದ ಉಳುತ್ತಿದ್ದೇನೆ, ತನ್ನ ತಂದೆ ಮತ್ತು ಅಜ್ಜ ಯಾರ ಬಳಿ ಗೇಣಿ ಮಾಡುತ್ತಿದ್ದರು, ಗೇಣಿ ಭತ್ತ ಎಷ್ಟು ಅಳೆಯುತ್ತಿದ್ದರು ಎಂಬುದನ್ನು ಸ್ವಾಧೀನ ಸಾಬೀತುಪಡಿಸುವ ಸಲುವಾಗಿಯೇ ಅಲ್ಲಿ ಹೇಳಬೇಕಾಗಿತ್ತು. ಅಕ್ಷರ ಗೊತ್ತಿಲ್ಲದಿದ್ದ ಅಜ್ಜನ ಮಾತನ್ನು ಗುಮಾಸ್ತ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದ ಹಾಳೆ ನಿಮ್ಮ ಕಡತದಲ್ಲಿ ಇದ್ದರೆ, ಯಾವ ತಾಮ್ರಪಟಕ್ಕೂ ಅದು ಕಡಿಮೆಯಲ್ಲ. ಮಂಡಳಿಯ ಕಡತಗಳು ತಾಲ್ಲೂಕು ಕಚೇರಿಯಲ್ಲಿ ಇರುತ್ತವೆ. ಕಡತದ ಸಂಖ್ಯೆ ತಿಳಿಯಲು ಮಾತ್ರ ಅಂತರ್ಜಾಲ ನೆರವಾಗುತ್ತದೆ. ಭೂಮಿ ತಾಣದ ಪಹಣಿಯ 10 ಮತ್ತು 11ನೇ ಕಾಲಂಗಳಲ್ಲಿ ಭೂನ್ಯಾಯ ಮಂಡಳಿಯ ಆದೇಶದ ಉಲ್ಲೇಖ ಇದೆಯೇ ನೋಡಿ.

ಗಣಕೀಕರಣಕ್ಕೆ ಮುಂಚಿನ ಕೈಬರಹದ ಪಹಣಿಗಳಲ್ಲಿ ಸಾಗುವಳಿದಾರರ ಕಾಲಂ ಕೂಡ ಇದೆ. ಖಾತೆದಾರರ ಕಾಲಂನಲ್ಲಿ ಒಡೆಯರ ಹೆಸರಿದ್ದರೂ 12ನೇ ಕಾಲಂನಲ್ಲಿ ಉತ್ತವರ ಹೆಸರು ಬಂದಿರಬಹುದು. ಹೆಸರು ಬರದಂತೆ ನೋಡಿಕೊಂಡವರೂ ಇದ್ದರೆಂಬುದು ಬೇರೆ ಮಾತು.

ಸೊರಬ, ಶಿಕಾರಿಪುರದ ಕಡೆ, ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ಬರುವ ಮನೆತನವಾಗಿದ್ದರೆ, ಅವರು ಮುಂದಿನ ಸಲ ಬಂದಾಗ ಕಾಳು ಕೊಟ್ಟು ಕಳುಹಿಸಿಬಿಡಬೇಡಿ. ಕೂರಿಸಿ, ಅವರ ಒಪ್ಪಿಗೆ ಪಡೆದು, ಅವರು ಹೇಳುವ ವಂಶಾವಳಿಯನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಯಾವ ಊರಿನಿಂದ ಯಾವ ಊರಿಗೆ ಬಂದವರೆಂಬ ವಿವರವನ್ನು ಸರ್ಕಾರದ ದಾಖಲೆಗಿಂತ ಹೆಳವರು ಚೆನ್ನಾಗಿ ಹೇಳುತ್ತಾರೆ. ತಲೆಮಾರುಗಳ ಸಂಖ್ಯೆಯಲ್ಲಿ ಹಿಗ್ಗು ಕುಗ್ಗು ಇರುವುದರಿಂದ ಅದನ್ನು ದಾಖಲೆಯೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಹಿರಿಯರು ಕೆಳದಿ ಅರಸರಲ್ಲಿ ಅಧಿಕಾರಿಗಳಾಗಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಶಾಸನಗಳಲ್ಲಿ ಹೆಸರು ಸಿಗಬಹುದೇ? (ಹೊಸನಗರ)

ಉತ್ತರ: ಶಾಸನಗಳನ್ನು ನೋಡುವುದು ಸುಲಭ, ಆದರೆ ಅಲ್ಲಿಂದ ನಿಮ್ಮ ಮನೆಯವರೆಗೆ ಕೊಂಡಿ ಜೋಡಿಸುವುದು ಬಹಳ ಕಷ್ಟ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ (1902) ಮತ್ತು 8ನೇ ಸಂಪುಟ (1904) ಶಿವಮೊಗ್ಗ ಜಿಲ್ಲೆಯವು. ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲ್ಲೂಕುಗಳು 8ರಲ್ಲಿವೆ. ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಎರಡೂ ಉಚಿತ. ಹುಡುಕುವಾಗ ಜಿಲ್ಲೆಯ ಹಳೆಯ ಇಂಗ್ಲಿಷ್ ಕಾಗುಣಿತವನ್ನೇ ಬಳಸಿ, ಈಗಿನ ಕಾಗುಣಿತ ಅಧಿಕೃತವಾದದ್ದು 2014ರಲ್ಲಿ. ನಿಮ್ಮ ಈಗಿನ ಹೊಸನಗರ ತಾಲ್ಲೂಕು ಆ ಪುಸ್ತಕಗಳಲ್ಲಿ ನಗರ ತಾಲ್ಲೂಕು. ಅದೇ ರೀತಿ, 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹೊನ್ನಾಳಿ ಮತ್ತು ಚನ್ನಗಿರಿ ಆ ಕಾಲದ ಪುಸ್ತಕಗಳಲ್ಲಿ ಶಿವಮೊಗ್ಗದ ಅಡಿಯಲ್ಲೇ ಸಿಗುತ್ತವೆ. ಕೊಪ್ಪ, ಶೃಂಗೇರಿ ಕಡೆಯವರು ಕಡೂರು ಜಿಲ್ಲೆಯ (ಈಗಿನ ಚಿಕ್ಕಮಗಳೂರು) 6ನೇ ಸಂಪುಟವನ್ನು (1901) ನೋಡಬೇಕು.

ಅಗ್ರಹಾರದ ದಾನಶಾಸನಗಳಲ್ಲಿ ವೃತ್ತಿ (ದಾನದ ಜಮೀನಿನ ಪಾಲು) ಪಡೆದವರ ಗೋತ್ರ, ತಂದೆಯ ಹೆಸರುಗಳನ್ನು ಸಾಲಾಗಿ ಕೊಟ್ಟಿರುತ್ತಾರೆ. ಸೊರಬದ ಕಡೆ ವೀರಗಲ್ಲುಗಳಲ್ಲಿ ಗೌಡರ ಹೆಸರುಗಳು ಬಹಳ ಬರುತ್ತವೆ. ಆದರೆ ಕೆಳದಿ ಅರಸರ ರಾಜಧಾನಿ ಬಿದನೂರು ಹೈದರಾಲಿಯ ವಶವಾದದ್ದು 1763ರಲ್ಲಿ. ಅಲ್ಲಿಂದ ನಿಮ್ಮ ಮುತ್ತಜ್ಜನವರೆಗಿನ ನೂರಕ್ಕೂ ಹೆಚ್ಚು ವರ್ಷಗಳಿಗೆ ದಾಖಲೆಯ ಆಧಾರ ಇಲ್ಲದೆ, ಒಂದೇ ಊರು ಮತ್ತು ಒಂದೇ ಹೆಸರು ಎಂಬ ಕಾರಣಕ್ಕೆ ಶಾಸನದ ವ್ಯಕ್ತಿಯನ್ನು ಮನೆಯ ಮೂಲಪುರುಷನೆಂದು ಬರೆದುಬಿಡುವುದನ್ನು ನಾನು ಒಪ್ಪುವುದಿಲ್ಲ. 'ಹೀಗೆಂದು ಮನೆಯಲ್ಲಿ ಹೇಳುತ್ತಾರೆ' ಎಂದು ಬೇರೆಯಾಗಿಯೇ ಬರೆದಿಡಿ. ಮನೆಯಲ್ಲಿ ಹಳೆಯ ಕಡತವೋ ಮೋಡಿ ಎಂಬ ಹಳೆಯ ಕೂಡುಬರಹದ ಕಾಗದವೋ ಇದ್ದರೆ ಅದರ ಸ್ಪಷ್ಟ ಚಿತ್ರ ತೆಗೆದು ಕೆಳದಿಯ ವಸ್ತುಸಂಗ್ರಹಾಲಯದವರಿಗೆ ತೋರಿಸಿ. ಮುದ್ರಿತ ಕನ್ನಡವನ್ನು ಗೂಗಲ್ ಲೆನ್ಸ್ ಚೆನ್ನಾಗಿ ಓದುತ್ತದೆ, ಮೋಡಿಯನ್ನು ಓದಲು ಬಲ್ಲವರೇ ಬೇಕು.

ಪ್ರಶ್ನೆ: ಎಲ್ಲ ವಂಶವೃಕ್ಷಗಳಲ್ಲೂ ಗಂಡಸರ ಹೆಸರೇ ಇರುತ್ತದೆ. ನನ್ನ ಅಮ್ಮನ ತಾಯಿ, ಅವರ ತಾಯಿ, ಹೀಗೆ ಹೋಗಬೇಕೆಂದಿದ್ದೇನೆ. ಸಿಕ್ಕಿದ್ದನ್ನು ಎಲ್ಲಿ ಬರೆದಿಡಲಿ? ನಾಡಕಚೇರಿಯಲ್ಲಿ ಕೊಡುವ ವಂಶವೃಕ್ಷವೂ ಇದೂ ಒಂದೆಯೇ? (ಶಿವಮೊಗ್ಗ)

ಉತ್ತರ: ಮತದಾರರ ಪಟ್ಟಿಯಲ್ಲಿ ಮದುವೆಯಾದ ಹೆಣ್ಣಿನ ಮುಂದೆ ಗಂಡನ ಹೆಸರು ಬರುತ್ತದೆ, ಹಾಗಾಗಿ ತವರು ಮರೆಯಾಗುತ್ತದೆ. ಕೆಲವು ಮನೆತನಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಾಯಿಸುತ್ತಿದ್ದರಿಂದ ಹುಡುಕಾಟ ಇನ್ನೂ ತೊಡಕು. ನನ್ನ ಸಲಹೆ ಏನೆಂದರೆ, ಚೊಚ್ಚಲ ಮಗುವಿನ ಜನನ ನೋಂದಣಿಯನ್ನು ಹಿಡಿಯಿರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗುತ್ತಿದ್ದುದರಿಂದ ಆ ಜನನ ನೋಂದಣಿಯಾಗಿರುವುದು ಗಂಡನ ಊರಿನಲ್ಲಲ್ಲ, ಹೆಂಡತಿಯ ತವರೂರಿನಲ್ಲಿ. ಹಿರಿಯ ಮಗ ಅಥವಾ ಮಗಳ ಹುಟ್ಟಿದೂರು ಯಾವುದೆಂದು ಶಾಲೆಯ ದಾಖಲಾತಿಯಿಂದ ತಿಳಿದರೆ ತವರಿನ ಗ್ರಾಮ ಸಿಕ್ಕಂತಾಯಿತು, ಅಲ್ಲಿಂದ ಮತ್ತೆ ಆ ಗ್ರಾಮದ ಪಹಣಿಗಳಿಗೆ ಹೋಗಬಹುದು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರಲ್ಲಿ, ಕೇಂದ್ರದ ತಿದ್ದುಪಡಿ 2005ರಲ್ಲಿ ಬಂದ ಮೇಲೆ, ಪೌತಿ ನಮೂದುಗಳಲ್ಲಿ ಮಗಳ ಹೆಸರೂ, ಕೆಲವೊಮ್ಮೆ ಆಕೆ ಪಾಲು ಬಿಟ್ಟುಕೊಟ್ಟ ಹಕ್ಕು ಬಿಡುಗಡೆ ಪತ್ರವೂ ಕಾಣಿಸತೊಡಗಿವೆ. ಬಿಡುಗಡೆ ಪತ್ರದಲ್ಲಿ ಗಂಡನ ಮನೆಯ ವಿಳಾಸ, ಅಣ್ಣತಮ್ಮಂದಿರ ಹೆಸರುಗಳು ಎಲ್ಲವೂ ಇರುತ್ತವೆ. ಪಾಲು ಬಿಟ್ಟುಕೊಟ್ಟ ಕಾಗದದಿಂದಲೇ ಅವಳ ತವರು ಪತ್ತೆಯಾಗುವುದು ಸ್ವಲ್ಪ ವ್ಯಂಗ್ಯವೇ ಸರಿ. ಕ್ರೈಸ್ತ ಕುಟುಂಬಗಳಾದರೆ ಚರ್ಚಿನ ಜ್ಞಾನಸ್ನಾನ ಮತ್ತು ವಿವಾಹದ ಪುಸ್ತಕಗಳಲ್ಲಿ, ಮುಸ್ಲಿಂ ಕುಟುಂಬಗಳಾದರೆ ಜಮಾತಿನ ನಿಕಾಹ್ ಪುಸ್ತಕದಲ್ಲಿ ಹುಡುಗಿಯ ತಂದೆಯ ಹೆಸರು ಇದ್ದೇ ಇರುತ್ತದೆ.

ಬರೆದಿಡಲು ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶವನ್ನು ಗಣಕಯಂತ್ರಕ್ಕೆ ಹಾಕಿಕೊಳ್ಳಿ, ಅದರಲ್ಲಿ ಹಾಕಿದ್ದು ನಿಮ್ಮಲ್ಲೇ ಇರುತ್ತದೆ. ಊರು ಬಿಟ್ಟ ನೆಂಟರೊಡನೆ ಸೇರಿ ಕಟ್ಟುವುದಾದರೆ ವಿಕಿಟ್ರೀ ಅಥವಾ ಫ್ಯಾಮಿಲಿಸರ್ಚ್ ಬಳಸಬಹುದು, ಎರಡೂ ಉಚಿತ. ಆದರೆ ಫ್ಯಾಮಿಲಿಸರ್ಚಿನಲ್ಲಿ ತೀರಿಕೊಂಡವರ ವಿವರವನ್ನು ಬೇರೆಯವರೂ ತಿದ್ದಬಹುದು. ಮೈಹೆರಿಟೇಜ್‌ನ ಉಚಿತ ಖಾತೆಯಲ್ಲಿ 250 ಜನರ ಮಿತಿಯಿದೆ. ನಮ್ಮ ಒಂದು ಮದುವೆಮನೆಯ ಪಂಕ್ತಿಗೇ ಅದು ಸಾಲದು. ಯಾವುದನ್ನು ಬಳಸಿದರೂ ಜೆಡ್‌ಕಾಮ್ ಕಡತವಾಗಿ ಆಗಾಗ ಇಳಿಸಿಟ್ಟುಕೊಳ್ಳಿ, ಮುಂದೆ ಬೇರೆ ತಂತ್ರಾಂಶಕ್ಕೆ ಸಾಗಿಸಲು ಅದೇ ಬೇಕು. ಬದುಕಿರುವವರ ಜನ್ಮದಿನಾಂಕವನ್ನು ಸಾರ್ವಜನಿಕವಾಗಿ ಹಾಕಬೇಡಿ. ಉಚಿತ ಪ್ರಯೋಗವೆಂದು ಹೇಳಿ ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳುವ ತಾಣಗಳನ್ನು ಬಿಟ್ಟುಬಿಡಿ.

ನಾಡಕಚೇರಿಯ ವಂಶವೃಕ್ಷ ಬೇರೆ. ಅದು ಪೌತಿ ಖಾತೆಯಂಥ ಕೆಲಸಕ್ಕೆ ಸ್ಥಳೀಯ ವಿಚಾರಣೆ ನಡೆಸಿ ಕೊಡುವ ದೃಢೀಕರಣ, ವಾರಸುದಾರರನ್ನು ಗುರುತಿಸುವುದಕ್ಕಷ್ಟೇ ಸೀಮಿತ. ನೀವು ಸಂಶೋಧಿಸಿ ಬರೆದ ಪಟ್ಟಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಆದರೆ ನಿಮ್ಮ ಮನೆತನದವರು ಹಿಂದೆ ಎಂದಾದರೂ ಅಂಥ ವಂಶವೃಕ್ಷ ಮಾಡಿಸಿದ್ದರೆ ಅದರ ಪ್ರತಿಯನ್ನು ದಾಯಾದಿಗಳ ಮನೆಯಲ್ಲಿ ಕೇಳಿ ಪಡೆಯಿರಿ. ಕೇಳುವಾಗ, ಇದು ಪಾಲಿನ ವಿಷಯಕ್ಕಲ್ಲ ಎಂದು ಮೊದಲೇ ಹೇಳಿಬಿಡಿ.